ಒಂಬತ್ತು ಮೆಟ್ಟಿಲು

ಜೆಪ್ಪುವಿನಲ್ಲಿ ಮುಚ್ಚಿಹೋದ ಹಂಚಿನ ಕಾರ್ಖಾನೆಯೊಳಗೆ
ಪ್ಲೈವುಡ್ಡಿನದೊಂದು ಮನೆ.
ಅದಕ್ಕೆ ಒಂಬತ್ತು ಮೆಟ್ಟಿಲು. ಮೇಲೆ ಮಹಡಿ ಇಲ್ಲ.
ನಾಲ್ಕಡಿ ಹಲಗೆ, ಒಂದು ಪರದೆ, ಆಮೇಲೆ ಗಾಳಿ.

ಮಧ್ಯಾಹ್ನ ಒಂದೂವರೆಗೆ ಊರಿಗೆ ಊರೇ ನನ್ನನ್ನು ನೋಡುತ್ತಿತ್ತು.
ಉಂಡ ಕೈ ಬಟ್ಟಲಲ್ಲೇ ಒಣಗಿ,
ಬಂಗುಡೆಯ ತಲೆ ಬೆಕ್ಕಿನ ಪಾಲಾಗಿ,
ಹೆಂಗಸರು ನನಗೋಸ್ಕರ ಮೂಗೊರೆಸಿಕೊಂಡರು.
ನಾನು ತಾಯಿಯಿಲ್ಲದ ಸೌಗಂಧಿ, ಏಳು ವರ್ಷ.
(ನನ್ನಮ್ಮ ಲೈಟಿನ ಕಂಬದ ಹಿಂದೆ ನಿಂತು
ಫ್ಲಾಸ್ಕಿನಿಂದ ಹಾಲು ಆರಿಸುತ್ತಿದ್ದಳು.)
ಬಾಯಿ ತಪ್ಪಿ ‘ಎಂತ ಮಾರಾಯ್ರೆ’ ಬಂದರೆ ಕಟ್.
‘ಘಟ್ಟದ ಮೇಲಿನವರಿಗೆ ಅರ್ಥ ಆಗುವ ಹಾಗೆ ಅಳು’
ಎನ್ನುತ್ತಿದ್ದರು ಡೈರೆಕ್ಟರು.

ನನ್ನ ಅಣ್ಣನಾದವನು ಲೆಸ್ಟನ್ ಕ್ರಾಸ್ತಾ, ಬೆಂದೂರಿನವ.
ಕತೆಯಲ್ಲಿ ಅವನಿಗೆ ಉಪನಯನವಾಯಿತು, ಮೂರು ಕಂತು.
ಭಾನುವಾರದ ಗಡಿಬಿಡಿಯಲ್ಲಿ ಜನಿವಾರ ತೆಗೆಯಲು ಮರೆತು
ಇಗರ್ಜಿಗೆ ಹೋದ, ಅಂಗಿಯೊಳಗೆ ಕಚಗುಳಿ,
ಎಲ್ಲರೂ ಮಂಡಿಯೂರಿದಾಗ ಕಿಸಕ್ಕನೆ ನಕ್ಕುಬಿಟ್ಟ.
ಈಗ ಮಲ್ಪೆಯಲ್ಲಿ ದೋಣಿಗಳ ಇಂಜಿನು ಬಿಚ್ಚುತ್ತಾನೆ.
ಬೊಂಡ ಮಾರುವ ಮುದುಕಿ ಇವತ್ತಿಗೂ
‘ಮಾಣೀ’ ಎಂದು ಕರೆದು ಎಳೆಯದನ್ನು ಕೆತ್ತಿ ಕೊಡುತ್ತಾಳಂತೆ,
ಗ್ರೀಸಿನ ಕೈಯ ದುಡ್ಡು ಬೇಡವಂತೆ.

ನನ್ನ ಮುಂದಿನ ಹಲ್ಲೆರಡು ಒಂದೇ ವಾರದಲ್ಲಿ ಬಿದ್ದವು.
ಹೊಸದು ಹುಟ್ಟುವವರೆಗೆ ಕಾಯಲು ಕತೆಗೆ ಪುರುಸೊತ್ತಿಲ್ಲ.
‘ಸೌಗಂಧಿ ದೊಡ್ಡವಳಾಗಲಿ’ ಎಂದರು ಯಾರೋ, ಚಾ ಕುಡಿಯುತ್ತ.

‘ಓಡು ಮಗೂ, ಹತ್ತು, ತಿರುಗಿ ನೋಡಬೇಡ.’
ಹತ್ತಿದೆ. ಪರದೆಯ ಹಿಂದೆ ಅವಳು ಕೂತಿದ್ದಳು.
ನನ್ನದೇ ಬಣ್ಣದ ಲಂಗ, ದಾವಣಿ, ಬೆವರು.
ನನ್ನ ಕೆನ್ನೆಯ ಮಚ್ಚೆ
ಅವಳ ಕೆನ್ನೆಯ ಮೇಲೆ, ಕಾಡಿಗೆಯಲ್ಲಿ.
ತುಟಿಗೆ ಬೆರಳಿಟ್ಟಳು.
ಪೆಪ್ಪರ್‌ಮೆಂಟು ಕಟಕ್ಕನೆ ಕಡಿದು
ಅರ್ಧ ನನ್ನ ಅಂಗೈಗೆ ಹಾಕಿ
ಗೆಜ್ಜೆ ಸದ್ದು ಮಾಡುತ್ತ ಇಳಿದುಹೋದಳು.

ಹತ್ತು ವರ್ಷ. ಹನ್ನೆರಡು ಸೆಕೆಂಡು.

ಕೆಳಗೆ ಚಪ್ಪಾಳೆ, ತೆಂಗಿನಕಾಯಿ, ಪೇಡೆ.
ನಾನು ಮೇಲಿದ್ದೇನೆಂದು ಯಾರಿಗೂ ನೆನಪಾಗಲಿಲ್ಲ.
ಊಟದ ಬಿಡುವಿನಲ್ಲಿ ಲೈಟಿನ ಹಮೀದಾಕ
ಹಿಂದಿನಿಂದ ಏಣಿ ತಂದರು.

ಈಗ ನನ್ನ ಸಂಭಾಷಣೆ ಮೂರೇ:
ಉಸಿರು ಎಳೆಯಿರಿ. ಹಿಡಿಯಿರಿ. ಬಿಡಿ.
ಕೊರಳಪಟ್ಟಿಯಲ್ಲಿ ವಿನುತಾ ಪುತ್ರನ್, ಎಕ್ಸ್‌ರೇ ವಿಭಾಗ.
ಜನ ಹೇಳಿದ ಮಾತು ಕೇಳುತ್ತಾರೆ. ಯಾರೂ ಎರಡನೇ ಟೇಕ್ ಕೇಳುವುದಿಲ್ಲ.

ಕಳೆದ ಆಟಿಯಲ್ಲಿ, ಬಿಡದ ಮಳೆಗೆ ಗೋಡೆಯೆಲ್ಲ ಬೂಸಲು ಹಿಡಿದಾಗ,
ಒಬ್ಬಾಕೆ ಕೆಮ್ಮುತ್ತ ಬಂದಳು.
ಚೀಟಿಯಲ್ಲಿ ಪೂರ್ಣಿಮಾ ಆಳ್ವ, ಮೂವತ್ತೊಂಬತ್ತು.
ಸೂಜಿ ಚುಚ್ಚಿದ ಬೆರಳು. ತೊಕ್ಕೊಟ್ಟಿನಲ್ಲಿ ಹೊಲಿಗೆಯಂತೆ.
ಎದೆಯನ್ನು ತಟ್ಟೆಗೆ ಒತ್ತಿ, ಗಲ್ಲ ಎತ್ತಿ ನಿಲ್ಲಿಸಿದೆ.
ಕೆನ್ನೆ ಬೋಳು. ಆದರೂ ಗೊತ್ತಾಯಿತು.
ಸೀಸದ ಗಾಜಿನ ಹಿಂದೆ ಹೋಗಿ ‘ಹಿಡಿಯಿರಿ’ ಎಂದೆ.
ಹಿಡಿದಳು. ಹಿಡಿದೇ ಇದ್ದಳು.
ಬಿಡಿ ಎನ್ನುವುದು ನನಗೆ ಮರೆತೇ ಹೋಗಿತ್ತು.

ಕೆಮ್ಮಿಗೇ ಸಾಕಾಗಿ ತಾನೇ ಹೊರಬಂತು.
ನನ್ನ ಮಚ್ಚೆಯನ್ನು ಎರಡು ಸಲ ನೋಡಿದಳು.
‘ಮತ್ತೆ ನಿನ್ನನ್ನು ಯಾರು ಇಳಿಸಿದ್ದು, ಮಾರಾಯ್ತಿ?’

‘ಹಮೀದಾಕ. ನಿಮ್ಮನ್ನು?’

‘ನನಗೆ ಎರಡೇ ತಿಂಗಳು. ಕಾರು ಗುದ್ದಿಸಿದರು.
ಮುಖಕ್ಕೆಲ್ಲ ಬ್ಯಾಂಡೇಜು ಸುತ್ತಿ ಮಲಗಿಸಿದರು.
ಮರುದಿನ ಮನೆಯಲ್ಲಿ ಕೂತು ನೋಡಿದೆ.
ಬಿಚ್ಚಿದರೆ ಒಳಗೆ ಬೇರೆ ಹುಡುಗಿ.’
ನಕ್ಕಳು, ನಗು ಕೆಮ್ಮಾಯಿತು.
‘ಅವಳಿಗೂ ನಿನ್ನ ಮಚ್ಚೆ ಇಟ್ಟಿದ್ದರು, ಗೊತ್ತುಂಟಾ?
ಆಚೆ ಕೆನ್ನೆಗೆ!’

ಪರದೆಯಲ್ಲಿ ಎರಡೂ ಕಡೆ ಕಪ್ಪು.
ಕಪ್ಪೆಂದರೆ ಗಾಳಿ. ಗಾಳಿಯೆಂದರೆ ಒಳ್ಳೆಯದು.
ನಾನು ಹೇಳುವ ಹಾಗಿಲ್ಲ, ಡಾಕ್ಟರೇ ಹೇಳಬೇಕು.
ತುಟಿಗೆ ಬೆರಳಿಟ್ಟು
ಎಂತದೂ ಇಲ್ಲವೆಂದು ತಲೆಯಾಡಿಸಿದೆ.

ಅವಳು ಬೆಂಚಿನಡಿ ಚಪ್ಪಲಿ ಹುಡುಕಿದಳು.
ಒಂದು ಸಿಕ್ಕಿತು. ಇನ್ನೊಂದನ್ನು
ಟೋಕನ್ ನಲವತ್ತೆರಡು ಮೆಟ್ಟಿಕೊಂಡು ನಿಂತಿತ್ತು.