ಪುಟದ ಪಾದದಲ್ಲಿ

ಡಿಸೆಂಬರ್ ಮೂವತ್ತು. ರಾತ್ರಿ ಹತ್ತಾದರೂ ಬೆಳಕು
ಏಳಲು ಮನಸ್ಸಿಲ್ಲದ ನೆಂಟನ ಹಾಗೆ ಕಿಟಕಿಯಲ್ಲಿ ಕೂತಿದೆ.
ಪುಂತಾ ಅರೇನಾಸಿನ ಗಾಳಿ ನಮ್ಮ ತಗಡಿನ ಮಾಡನ್ನು
ಎತ್ತಿ ನೋಡಿ, ಬೆಲೆ ಕೇಳಿ,
ಕೊಳ್ಳದೆ ಇಟ್ಟು ಹೋಗುತ್ತಿದೆ.

ನೆಲಿದಾ, ನಾನು, ಎರಡು ಮೇಜು. ಬೇಸಿಗೆಯಂತೆ ಇದು,
ಕಾಲ ಬಳಿ ಹೀಟರು ಉರಿಯುತ್ತಿದೆ.
ಕೆಳಗೆ ಮೀನಿನಂಗಡಿ. ನಮ್ಮ ಗಿರಾಕಿಗಳು
ಮೂಗು ಮುಚ್ಚಿಕೊಂಡು ಮೆಟ್ಟಿಲು ಹತ್ತುವಷ್ಟರಲ್ಲೇ
ಚೌಕಾಸಿಗೊಂದು ನೆಪ ಹುಡುಕಿಕೊಂಡಿರುತ್ತಾರೆ.

ಹಳೆಯ ಬಿಲ್ಲಿನ ಬೆನ್ನಿನ ಮೇಲೆ ಅವಳು ಬರೆಯುತ್ತಾಳೆ:
ದರ ಏರಿಸಬೇಕು. ಎಷ್ಟು ಎಂಬಲ್ಲಿ ಜಾಗ ಖಾಲಿ.
ಭಾನುವಾರ ಫೋನು ಎತ್ತಬಾರದು.
ಅರ್ಧ ಹಣ ಕೈಸೇರದೆ ಒಂದು ಗೆರೆಯನ್ನೂ ಎಳೆಯಬಾರದು,
ಸೋದರತ್ತೆಯ ಮಗನಾದರೂ ಸರಿ.
ಅವನೇ ಮೊದಲು, ಎಂದೆ ನಾನು.
ಅವನ ಹಲ್ಲಿನ ದವಾಖಾನೆಗೆ ಹನ್ನೊಂದು ಸಲ ನೀಲಿ ಬದಲಿಸಿದ್ದೇವೆ.
ಸಮುದ್ರದ ನೀಲಿಯೇ ಬೇಕಂತೆ.
ಕಿಟಕಿ ತೆರೆದು ಜಲಸಂಧಿ ತೋರಿಸಿದೆ.
ಅಲ್ಲಿದ್ದದ್ದು ಬೂದಿ.

ದೋನ್ ಅರ್ಸೇನಿಯೊ, ಕುರಿಯ ತುಪ್ಪಟ ಕತ್ತರಿಸುವ ತಂಡದ ಮೇಸ್ತ್ರಿ,
ಒಂಬತ್ತು ವರ್ಷದಿಂದ ನಮ್ಮ ಬಾಕಿಯನ್ನು
ಅರ್ಧ ಕುರಿಮರಿಯಲ್ಲೇ ತೀರಿಸುತ್ತಿದ್ದಾನೆ.
ಇನ್ನು ಹಣ ಮಾತ್ರ, ಎಂದು ಬರೆದಳು ನೆಲಿದಾ.
ಫ್ರಿಜ್ಜಿನ ಕಡೆ ನೋಡಿದಳು.
ಪಕ್ಕದಲ್ಲೊಂದು ಪ್ರಶ್ನೆಯ ಕೊಕ್ಕೆ ಸಿಕ್ಕಿಸಿದಳು.

ಆಮೇಲೆ, ತಲೆಯೆತ್ತದೆ:
ವರ್ಷ ತಾನಾಗಿ ಬದಲಾಗಬೇಕು.

ಇದನ್ನು ಬಿಡಿಸಿ ಹೇಳಬೇಕು.
ಪ್ರತಿಯೊಂದು ತಾಣದ ತೀರಾ ಕೆಳಗೆ, ಪುಟದ ಪಾದದಲ್ಲಿ,
ಯಾರೂ ಓದದ ಸಣ್ಣ ಅಕ್ಷರದಲ್ಲಿ
ಎಲ್ಲ ಹಕ್ಕುಗಳೂ ಕಾದಿವೆ, ಜೊತೆಗೊಂದು ಇಸವಿ.
ನಲವತ್ತೊಂದು ತಾಣಗಳು. ವರ್ಷದ ಕೊನೆಗೆ
ಒಂದೊಂದನ್ನೇ ತೆರೆದು ಕಡೆಯ ಅಂಕಿಯನ್ನು ಅಳಿಸಿ
ಹೊಸದನ್ನು ಕೂರಿಸುವುದು ನನ್ನ ಕೆಲಸ.
ಒಂದೇ ಸಾಲು ಬರೆದರೆ ಯಂತ್ರವೇ ನೋಡಿಕೊಳ್ಳುತ್ತದೆ.
ಬರೆದಿಲ್ಲ. ಮರೆವಲ್ಲ ಅದು.

ಬೇಕರಿಯಲ್ಲಿ ಎರಡು ಚಳಿಗಾಲದ ಹಿಂದಿನ ರಿಯಾಯಿತಿ
ಇನ್ನೂ ಕೂಗುತ್ತಿರುತ್ತದೆ. ದೋಣಿಯವರ ಸಮಯಪಟ್ಟಿ ತಪ್ಪು.
ಮಿಹೋವಿಲೊವಿಚ್ ಶವಸಂಸ್ಕಾರದ ಮನೆಯವರು
‘ಮತ್ತೆ ಬನ್ನಿ’ ಎಂಬ ಮಾತನ್ನು ಕೊನೆಗೂ ತೆಗೆಸಿದ್ದಾರೆ.
ಕಂದೀಲು ಹಿಡಿದು ಕೇರಿ ಸುತ್ತಿದ ಹಾಗೆ:
ಇದ್ದೀರಾ? ಇದ್ದೇವೆ. ಸರಿ, ಮಲಗಿ.

ಮೂವತ್ತಾರನೆಯ ಬಾಗಿಲು ದೋನ್ಯಾ ಎಡುವಿನಾಳದು.
ಕೈಹೆಣಿಗೆಯ ಕಾಲುಚೀಲ, ಆರು ಚಿತ್ರ,
ಒಂದರಲ್ಲಿ ಅವಳ ಹೆಬ್ಬೆರಳೂ ಬಿದ್ದಿದೆ.
ಹೋದ ವರ್ಷದ ಹಿಂದಿನ ಮಾರ್ಚಿನಲ್ಲಿ ತೀರಿಕೊಂಡಳು.
ಬಾಡಿಗೆ ನಾವೇ ಕಟ್ಟುತ್ತಿದ್ದೇವೆ, ಅದರ ಬಗ್ಗೆ ಮಾತಾಡಿಲ್ಲ.
ಅವಳ ಪಾದದಲ್ಲಿ ಇಸವಿ ನಿಂತಿದೆ.
ಪ್ರತಿ ಸಲವೂ ಅಲ್ಲಿಗೆ ಹೋಗಿ
ಕೀಲಿಯ ಮೇಲೆ ಬೆರಳಿಟ್ಟು, ತೆಗೆದು,
ಮೂವತ್ತೇಳಕ್ಕೆ ನಡೆಯುತ್ತೇನೆ.

ಆ ಸಾಲು ಬರೆದೆ ಈ ರಾತ್ರಿ. ಹತ್ತು ನಿಮಿಷದ ಕೆಲಸ.
ನಲವತ್ತಕ್ಕೆ ಹಾಕಿದೆ.
ಎಲ್ಲಾ ಆಯಿತಾ? ಎಂದಳು.
ಹ್ಞೂಂ ಎಂದೆ.
ನೆಲಿದಾ ಲೆಕ್ಕದಲ್ಲಿ ಗಟ್ಟಿ. ಪಟ್ಟಿಯನ್ನು ಕೆಳಗಿನವರೆಗೆ ನೋಡಿ
ಗೀಟು ಎಳೆದಳು.

ನಾಳೆ ನಡುರಾತ್ರಿ, ಹನ್ನೆರಡು ದ್ರಾಕ್ಷಿ ನುಂಗಿದ ಮೇಲೆ,
ಖಾಲಿ ಸೂಟ್‌ಕೇಸು ಎಳೆದುಕೊಂಡು ಬೀದಿ ಸುತ್ತಬೇಕಂತೆ,
ಹಾಗಾದರೆ ವರ್ಷವಿಡೀ ಪ್ರಯಾಣವಂತೆ.
ಈ ಗಾಳಿಗೆ ಖಾಲಿ ಪೆಟ್ಟಿಗೆ ನಿಲ್ಲುತ್ತದೆಯೇ, ಕೇಳಿದೆ,
ಮೂಲೆಯಲ್ಲಿ ಹಗ್ಗ ಕಟ್ಟಿ ಜನರೇ ಹಿಡಿದು ನಡೆಯುವ ಊರು ಇದು.
ಅವಳು ಫ್ರಿಜ್ಜು ತೆರೆದಳು.
ಅರ್ಸೇನಿಯೊನ ಕುರಿ ಇದೆಯಲ್ಲ, ಎಂದಳು,
ಭಾರಕ್ಕೆ.