ನಾಲಿಗೆ ಎತ್ತು

ನಲವತ್ತೊಂದು ರಾತ್ರಿ ಹೀಗೆ ಹೇಳಿದೆ ನನ್ನ ತಮ್ಮನಿಗೆ,
ಆಂತೊಫಗಾಸ್ತದ ಈ ತಗಡಿನ ಅಡುಗೆಮನೆಯಲ್ಲಿ,
ಕೈಯಲ್ಲಿ ಟಾರ್ಚು ಹಿಡಿದು:
ಬಾಯಿ ತೆರೆ, ಎಲಿಸಿಯೊ. ನಾಲಿಗೆ ಎತ್ತು.

ಎತ್ತುತ್ತಿದ್ದ.
ಐವತ್ತೆರಡರ ಗಂಡಸು, ರೈಲು ಕಾರ್ಖಾನೆಯ
ಬೆಸುಗೆ ಕಿಡಿಗೆ ಕೆನ್ನೆ ಸುಟ್ಟುಕೊಂಡವನು,
ಹಲ್ಲಿನ ಡಾಕ್ಟರ ಮುಂದೆ ಕೂತ ಹುಡುಗನ ಹಾಗೆ.
ಕೆಳಗೆ ಏನೂ ಇರುತ್ತಿರಲಿಲ್ಲ.
ಕೆಂಪು ಹಸಿ ನೆಲ, ಎರಡು ನೀಲಿ ನರ.

ಆದರೂ ದೀಪ ಆರಿದರೆ ಅವರು ಬರುತ್ತಿದ್ದರು,
ಬೊಲಿವಿಯಾದಿಂದ ಇಳಿವ ಗೂಡ್ಸಿನ ಡಬ್ಬಿಗಳನ್ನು
ಅವನ ಕಿವಿಯೊಳಗೆ ಎಣಿಸುವವರು:
ಹದಿನೇಳು, ಹದಿನೆಂಟು,
ಹತ್ತೊಂಬತ್ತನೆಯದರಲ್ಲಿ ನೀನು.

ಎಲ್ಲಿ ಉಗಿದೆ? ಕುಂಡದಲ್ಲೋ, ನಾಯಿಯ ತಟ್ಟೆಯಲ್ಲೋ?
ನುಂಗಿದೆ, ಅಂದ.
ನಿನ್ನದು ಎರಡು ನಾಲಿಗೆ, ಅಂದೆ.
ಮರುದಿನ ನಾನು ಕೇಳುವ ಮೊದಲೇ ಬಾಯಿ ತೆರೆದ.

ಬೇಸಿಗೆಯಲ್ಲಿ ಲಿಥಿಯಂ ಬಿಡಿಸಿದ್ದರು, ಮೂತ್ರಪಿಂಡ ಸೋತಿತ್ತು.
ಹಡಗುಗಟ್ಟಲೆ ಹೋಗುತ್ತದೆ ಅದು ನಮ್ಮ ಕಡಲಿನಿಂದ,
ಯಾರದೋ ಕಾರು ಓಡಿಸಲು;
ನಮ್ಮವನೊಬ್ಬನಿಗೆ ಒಗ್ಗಲಿಲ್ಲ.
ಅದರ ಜಾಗಕ್ಕೆ ಬೇರೆ ಆಸ್ಪತ್ರೆಯ ಡಾಕ್ಟರು
ಕಾರ್ಬಮಾಜೆಪಿನ್ ಬರೆದರು.
ಹಳೆಯ ಕ್ವೆಟಿಯಪಿನ್ನಿನ ಚೀಟಿ ನನ್ನ ಪರ್ಸಿನಲ್ಲೇ ಇತ್ತು.
ಅವರು ಕೇಳಲಿಲ್ಲ. ನಾನು ಕೊಡಲಿಲ್ಲ.

ಮೂಲೆಯ ಔಷಧಿ ಅಂಗಡಿಯ ರೊಸೌರಾ
ಎರಡೂ ಡಬ್ಬಿಗಳನ್ನು ಗಾಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿ
ಕನ್ನಡಕ ಹಣೆಗೇರಿಸಿದಳು.
ಇವೆರಡನ್ನೂ ಒಂದೇ ಮನೆಗೆ ಕಳಿಸಿದವರು ಯಾರು?
ರಸೀದಿಯ ಹಿಂದೆ ಲಿವರಿನ ಚಿತ್ರ ಗೀಚಿದಳು, ತಪ್ಪುತಪ್ಪಾಗಿ,
ಒಂದು ಪಕ್ಕಕ್ಕೆ ವಾಲಿದ ದೋಣಿಯ ಹಾಗೆ.
ಹೊಸದು ಬಂದ ಮೇಲೆ ಇಲ್ಲಿ ಕೂಲಿಯಾಳು ದುಪ್ಪಟ್ಟು, ಅಂದಳು.
ಎರಡು ಮೂರು ವಾರ ಬೇಕು ಅವರಿಗೆ ಕೆಲಸ ಹಿಡಿಯಲು.
ಹಿಡಿದರೆ ಹಳೆಯದನ್ನು ಇಳಿಸಿ, ಒಡೆದು, ಹೊರಗೆ ಚೆಲ್ಲುತ್ತಾರೆ;
ತಲೆಗೆ ತಲುಪುವುದು ಖಾಲಿ ಚೀಲ.
ಅವನು ನುಂಗುತ್ತಿದ್ದಾನೆ ಕಣೇ. ಒಳಗೆ ಹೋಗುತ್ತಿದೆ.
ಉಳಿಯುತ್ತಿಲ್ಲ, ಅಷ್ಟೆ.
ನೀನೇ ಏನೂ ಬಿಡಿಸಬೇಡ ಮತ್ತೆ. ಆ ಕೂಲಿಗಳು ಹೊರಡಲೂ ವಾರಗಳು ಬೇಕು.

ಇಪ್ಪತ್ತು ವರ್ಷ ಬಂದರಿನಲ್ಲಿ ಮೀನು ಮಾರಿದವಳು ನಾನು.
ಕಿವಿರು ಎತ್ತಿ ನೋಡಿದರೆ ಸಾಕು,
ಇವತ್ತಿನದೋ ನಿನ್ನೆಯದೋ ಹೇಳುತ್ತೇನೆ.
ಮನುಷ್ಯನ ಬಾಯನ್ನೂ ಹಾಗೇ ನೋಡಿದೆ.

ಈಗ ಇಬ್ಬರು ಡಾಕ್ಟರೂ ಫೋನಿನಲ್ಲಿ ಮಾತಾಡಿದ್ದಾರೆ, ಚೀಟಿ ಒಂದೇ.
ರೈಲು ಇನ್ನೂ ಹೋಗುತ್ತದೆ ನಡುರಾತ್ರಿ,
ಹೊರಗೆ, ಹಳಿಯ ಮೇಲೆ.
ನಿದ್ದೆ ಬಾರದೆ ಡಬ್ಬಿ ಎಣಿಸುವವಳು ನಾನು.
ಟಾರ್ಚನ್ನು ಪಕ್ಕದ ಮನೆಯ ಹುಡುಗನಿಗೆ ಕೊಟ್ಟುಬಿಟ್ಟೆ.

ಆದರೆ ಎಲಿಸಿಯೊ, ನೀರು ಕುಡಿದು, ಲೋಟ ಬೋರಲು ಹಾಕಿ,
ಯಾರೂ ಕೇಳದೆಯೇ ನನ್ನ ಕಡೆ ತಿರುಗುತ್ತಾನೆ,
ಬಾಯಿ ತೆರೆಯುತ್ತಾನೆ.

ಬೇಡ ಅನ್ನಲು
ನನ್ನ ನಾಲಿಗೆ ಏಳುವುದಿಲ್ಲ.