ಬ್ರೇಕಿನ ಕೈ

ತೊರೂನ್ ಊರಿನ ಹಳೆಯ ಬೇಕರಿಯ ಮೇಲೆ
ಎರಡನೇ ಮಹಡಿ. ಶುಂಠಿ ರೊಟ್ಟಿಯ ವಾಸನೆ
ಮೆಟ್ಟಿಲು ಹತ್ತಿ ಬಂದು ಬಾಗಿಲ ಹೊರಗೇ ನಿಲ್ಲುತ್ತದೆ,
ಬೂಟು ಬಿಚ್ಚಲು ಹಿಂಜರಿಯುವವರ ಹಾಗೆ.
ಒಳಗೆ ಎರಡು ಕುರ್ಚಿ, ಸುತ್ತಿಟ್ಟ ಹಸಿರು ಚಾಪೆ,
ಕಣ್ಣೊರೆಸುವ ಕಾಗದದ ಡಬ್ಬಿ. ಅದನ್ನವನು ಮುಟ್ಟಿಲ್ಲ.

ಬೊಗುಮಿಲ್. ಇಪ್ಪತ್ತಾರು ವರ್ಷ ರೈಲು ಓಡಿಸಿದವನು.
ಮೊದಲ ಆರು ಮಂಗಳವಾರ ಬರೀ ಕುರ್ಚಿ.
ಯಾಗೊದಾ ಕೇಳಿದಳು, ಅವನು ಹೇಳಿದ,
ವರದಿ ಒಪ್ಪಿಸುವ ಹಾಗೆ:
ಸಮಯ ಸಂಜೆ ನಾಲ್ಕು ಹನ್ನೊಂದು. ವೇಗ ನೂರ ಹದಿನೆಂಟು.
ಹಿಮ ಇರಲಿಲ್ಲ, ಮಂಜೂ ಇರಲಿಲ್ಲ, ಹಳಿ ಒಣಗಿತ್ತು.
ಹಳದಿ ಮಫ್ಲರ್.
ಬ್ರೇಕು ಹಾಕಿದೆ. ಹಾಕಿದ್ದು ಸರಿಯಾಗಿತ್ತು ಅಂತ
ಮೂರು ಜನರ ಸಮಿತಿ ಸಹಿ ಮಾಡಿದೆ.
ನಿಲ್ಲಲು ಬೇಕಾದದ್ದು ಏಳುನೂರು ಮೀಟರು.
ಇದ್ದದ್ದು ತೊಂಬತ್ತು.

ಮಾತು ಮುಗಿಯಿತು.
ಕೈ ಮುಗಿಸಿರಲಿಲ್ಲ.
ಕುರ್ಚಿಯ ತೋಳಿನ ಮೇಲೆ ಎಡಗೈ
ತನ್ನಷ್ಟಕ್ಕೆ ತಾನು ಹಿಂದಕ್ಕೆ ಎಳೆಯುತ್ತಿತ್ತು
ಇಲ್ಲದ ಹಿಡಿಕೆಯನ್ನು.
ಅವನಿಗೆ ಗೊತ್ತೇ ಇರಲಿಲ್ಲ. ಹೆಂಡತಿಗೆ ಗೊತ್ತಿತ್ತು:
ನಿದ್ದೆಯಲ್ಲಿ ಹೊದಿಕೆಯೆಲ್ಲ ಆ ಕಡೆಗೇ ಹೋಗುತ್ತಿತ್ತು,
ಒಂಬತ್ತು ತಿಂಗಳಿಂದ.

ಏಳನೇ ಮಂಗಳವಾರ ಚಾಪೆ ಬಿಚ್ಚಿತು.
ಅವನು ನಕ್ಕ. "ಇದಕ್ಕೆಲ್ಲ ನನ್ನ ಮಗಳು ಹೋಗ್ತಾಳೆ."
ಯಾಗೊದಾ ಒತ್ತಾಯಿಸಲಿಲ್ಲ.
"ನೀವು ಒಳಗೆಳೆದ ಉಸಿರು ಕಾಣುತ್ತೆ,
ಹೊರಗೆ ಬಿಟ್ಟದ್ದು ನಾನಿನ್ನೂ ನೋಡಿಲ್ಲ" ಅಂದಳು.

ಮಲಗಿ ಅಂದಳು. ಅಲ್ಲಿ ತಪ್ಪಿತು.
ಅಂಗಾತ, ಕಾಲು ಚಾಚಿ, ಅಂಗೈ ಮೇಲಾಗಿ...
ನೆಲದ ಅರ್ಧಕ್ಕೆ ಬಗ್ಗಿದವನು ಎದ್ದು ನಿಂತ,
ಮುಖ ಸುಣ್ಣ.
ಆ ಆಸನದ ಹೆಸರನ್ನು ಅವಳು
ಸಂಸ್ಕೃತದಲ್ಲೇ ಬಾಯಿಪಾಠ ಮಾಡಿದ್ದಳು.
ಶವ ಅಂದರೇನು ಎಂದು ಆ ಕ್ಷಣಕ್ಕೆ ನೆನಪಾಯಿತು.
"ತಪ್ಪು ನನ್ನದು" ಅಂದಳು.
ಕಿಟಕಿ ತೆರೆದಳು. ಇಬ್ಬರೂ ಗೋಡೆಗೆ ಬೆನ್ನು ಕೊಟ್ಟು ನಿಂತರು.
ವಿಸ್ವಾ ನದಿಯಲ್ಲಿ ಮಂಜುಗಡ್ಡೆ ಒಂದನ್ನೊಂದು ಉಜ್ಜುವ ಸದ್ದು.

ಗೋಡೆ ಒಳ್ಳೆಯದು. ಎಲ್ಲಿಗೂ ಹೋಗುವುದಿಲ್ಲ.

ಆಮೇಲೆ ಸ್ವಲ್ಪ ಮಾತು, ಸ್ವಲ್ಪ ಮೈ.
ಮಾತು ಸಿಕ್ಕಿಕೊಂಡಲ್ಲಿ ಹಿಮ್ಮಡಿ ನೆಲಕ್ಕೊತ್ತುವುದು,
ಹೆಗಲು ಮರಗಟ್ಟಿದಲ್ಲಿ ಅವಳ ಪ್ರಶ್ನೆ: "ಅಲ್ಲಿ ಯಾರಿದ್ದಾರೆ ಈಗ?"
ಒಂದು ದಿನ ಅವನ ಅಪ್ಪ ಇದ್ದ.
ಇನ್ನೊಂದು ದಿನ ಯಾರೂ ಇಲ್ಲ,
ಬೆಕ್ಕಿಗೆ ಊಟ ಹಾಕಿಲ್ಲ ಅನ್ನುವ ಚಿಂತೆ ಮಾತ್ರ.
ಎರಡು ವಾರ ಅವನು ಬರಲೇ ಇಲ್ಲ.

ಮಾರ್ಚಿನಲ್ಲಿ ಅವಳು ಹೇಳಿದಳು:
"ಆ ಎಡಗೈಯನ್ನು ತಡೆಯಬೇಡಿ. ಬೇಕೆಂದೇ ಎಳೆಯಿರಿ.
ಉಸಿರೆಳೆಯುತ್ತ, ನಿಧಾನ, ಕೊನೆಯವರೆಗೆ."
ಎಳೆದ.
ತೊಂಬತ್ತು ಮೀಟರು, ನೂರು, ಮುನ್ನೂರು,
ಗಾಲಿಗಳು ಕಿರುಗುಟ್ಟಿದವು ಅವನ ಹಲ್ಲುಗಳಲ್ಲಿ,
ಏಳುನೂರು.
ನಿಂತಿತು.
"ಈಗ ಬಿಡಿ."

ಬಿಡುವುದು ಎಂದರೆ ಏನೆಲ್ಲ!
ಉಸಿರು ಬಿಡುವುದು, ಹಿಡಿತ ಬಿಡುವುದು,
ಕೈಬಿಡುವುದು.
ಅವನು ಹೆದರಿದ್ದು ಕೊನೆಯದಕ್ಕೆ.
ತಾನೂ ಬಿಟ್ಟರೆ ಆ ಹಳದಿ ಮಫ್ಲರಿನವನಿಗೆ
ಈ ಲೋಕದಲ್ಲಿ ಬ್ರೇಕು ಹಾಕುವವರೇ ಇಲ್ಲವೆಂದು.
ಅದನ್ನು ಬಾಯಿಬಿಟ್ಟು ಹೇಳಿದ, ವರದಿಯ ದನಿಯಲ್ಲಲ್ಲ.
ಹೇಳುತ್ತಲೇ ಬೆರಳು ಒಂದೊಂದಾಗಿ ಬಿಚ್ಚಿದವು,
ಕಿರುಬೆರಳು ಕೊನೆಗೆ.
ಹೊರಬಂದ ಉಸಿರು ಹಳೆಯದು,
ನಾಲ್ಕು ಹನ್ನೊಂದರದ್ದು.

ಈಗಲೂ ಅಂಗಾತ ಮಲಗುವುದಿಲ್ಲ ಅವನು.
ಮಗ್ಗುಲಾಗಿ, ಮೊಣಕಾಲು ಮಡಚಿ, ಚಾಪೆಯ ಅಂಚಿನಲ್ಲಿ.
ಸಾಕು ಅನ್ನುತ್ತಾಳೆ ಯಾಗೊದಾ.
ಮೊನ್ನೆ ಬೆಳಗಿನ ಜಾವ ಹೆಂಡತಿಗೆ ಎಚ್ಚರವಾಗಿ,
ಹೊದಿಕೆಯ ತನ್ನ ಪಾಲು ತನ್ನ ಮೇಲೇ ಇರುವುದು ನೋಡಿ
ಗಾಬರಿಯಾಗಿ
ಅವನ ಮೂಗಿನ ಕೆಳಗೆ ಬೆರಳು ಹಿಡಿದಳಂತೆ.